ಒಂಬತ್ತು ಮೂವತ್ತೆಂಟರ ಗಾಡಿ

ನನ್ನ ಸಾರು ಹನ್ನೆರಡು ನಿಮಿಷ ತಡವಾಗಿ ಹೊರಟಿತು ಅಂತ ನಮ್ಮನೆಯವರು ಪುಸ್ತಕದಲ್ಲಿ ಬರೆದುಕೊಂಡ ದಿನವೇ ನಾನು ತೀರ್ಮಾನ ಮಾಡಿದೆ. ಈ ಮನುಷ್ಯನಿಗೆ ಒಂದು ಕೆಲಸ ಹುಡುಕಿಕೊಡಬೇಕು, ಇಲ್ಲವೇ ನಾನು ಬ್ಯಾಗು ತುಂಬಿಕೊಂಡು ಬಾಗೂರಿನ ತವರುಮನೆಗೆ ಹೊರಡಬೇಕು.

ಸಾರು ಎಲ್ಲಿಗೆ ಹೊರಡುತ್ತೆ ಅಂತೀರಾ? ಒಲೆಯಿಂದ ಊಟದ ಮೇಜಿಗೆ. ನಮ್ಮನೆಯವರು, ಅಂದರೆ ಶ್ರೀಮಾನ್ ಕಾಟಯ್ಯನವರು, ಬಸ್ಸಿನಲ್ಲಿ ಕಂಡಕ್ಟರಾಗಿ ಸೇರಿ, ಹಿರಿಯೂರು ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರಾಗಿ ರಿಟೈರಾದವರು. ಯಾವ ಗಾಡಿ ಎಷ್ಟೊತ್ತಿಗೆ ಬಂತು, ಎಷ್ಟೊತ್ತಿಗೆ ಬಿಡ್ತು, ತಡ ಯಾಕಾಯ್ತು ಅಂತ ಬರೆದು, ಸೀಟಿ ಊದಿ, ಮೈಕಿನಲ್ಲಿ ಕೂಗಿ ಬದುಕಿದ ಜೀವ. ರಿಟೈರಾದ ಮೇಲೆ ಬಸ್ಸುಗಳೆಲ್ಲ ಅವರ ಕೈಯಿಂದ ತಪ್ಪಿಸಿಕೊಂಡವು. ನಾನು ತಪ್ಪಿಸಿಕೊಳ್ಳಲಿಲ್ಲ.

"ಸಿದ್ದಿ, ಇಡ್ಲಿ ಎಂಟೂ ಹತ್ತಕ್ಕೆ ಬಿಡಬೇಕಿತ್ತು. ಈಗ ಎಂಟೂ ಇಪ್ಪತ್ತೆರಡು. ಕಾರಣ?"

"ಗ್ಯಾಸ್ ಮುಗೀತು ಕಣ್ರಿ. ಸಿಲಿಂಡರ್ ಬದಲಾಯಿಸ್ದೆ."

"ಮಾರ್ಗಮಧ್ಯೆ ಇಂಧನ ಕೊರತೆ," ಅಂತ ಗಟ್ಟಿಯಾಗಿ ಓದಿಕೊಳ್ಳುತ್ತ ಬರೆದರು.

ಒಂದು ದಿನ ಹಾಲು ಉಕ್ಕಿತು. ಅದಕ್ಕೆ "ಮಿತಿಮೀರಿದ ಪ್ರಯಾಣಿಕರು" ಅಂತ ಬರೆದರು. ಮಗಳು ಮೋನಿಕಾ ಬಚ್ಚಲುಮನೆಯಲ್ಲಿ ಐದು ನಿಮಿಷ ಹೆಚ್ಚು ಇದ್ದರೆ ಬಾಗಿಲಲ್ಲಿ ನಿಂತು, "ಬಬ್ಬೂರು ಕಡೆ ಹೋಗತಕ್ಕ ಪ್ರಯಾಣಿಕರು ಕೂಡಲೇ ಹೊರಬರಬೇಕು" ಅಂತ ಮೂರು ಸಲ ಕೂಗುತ್ತಿದ್ದರು. (ಮೋನಿಕಾ ಬಬ್ಬೂರು ಫಾರಮ್ಮಿನಲ್ಲಿ ಮಣ್ಣು ಪರೀಕ್ಷೆ ಮಾಡೋ ಲ್ಯಾಬಿನಲ್ಲಿ ಇದ್ದಾಳೆ.) ಅಷ್ಟಕ್ಕೇ ನಿಂತಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಒಂದು ದಿನ ನಾನು ಸಂತೆಗೆ ಹೋಗಿ ಬರೋದರೊಳಗೆ ಅಡುಗೆಮನೆ ಕಪಾಟಿಗೆ ಚೀಟಿ ಅಂಟಿಸಿ, ಸಾಸಿವೆ ಡಬ್ಬ ಪ್ಲಾಟ್‌ಫಾರಂ ಒಂದು, ಜೀರಿಗೆ ಪ್ಲಾಟ್‌ಫಾರಂ ಎರಡು ಅಂತ ಮಾಡಿಟ್ಟಿದ್ದರು. ಅವತ್ತು ನನ್ನ ಕಣ್ಣಲ್ಲಿ ನೀರು ಬಂತು. ಮೂವತ್ತೊಂದು ವರ್ಷ ಕಣ್ಣು ಮುಚ್ಚಿಕೊಂಡೇ ಕೈ ಹಾಕಿದರೆ ಸಾಸಿವೆ ಸಿಗುತ್ತಿತ್ತು. ಅವತ್ತು ಸಿಕ್ಕಿದ್ದು ಅಡುಗೆ ಸೋಡಾ.

ಸಾಯಂಕಾಲ ಮೋನಿಕಾ ಬಂದ ತಕ್ಷಣ ಅವಳ ಕೈ ಹಿಡಿದುಕೊಂಡೆ. "ನಿಮ್ಮಪ್ಪಂಗೆ ಏನಾದ್ರೂ ಕೊಡೇ. ಒಂದು ಆಟದ ಸಾಮಾನಾದ್ರೂ ಕೊಡು. ನನ್ನ ಅಡುಗೆಮನೆ ನನಗೆ ಬಿಟ್ಟುಕೊಡೋ ಹಂಗೆ ಮಾಡು."

ಅವಳು ಬ್ಯಾಗು ಇಳಿಸುತ್ತ, "ಅಮ್ಮ, ಒಂದು ಉಪಗ್ರಹ ಐತೆ, ಆದೀತಾ?" ಅಂದಳು.

ನಾನು ಕೇರಂ ಬೋರ್ಡಿನ ಲೆಕ್ಕದಲ್ಲಿದ್ದೆ. ಆದರೂ ದೊಡ್ಡದಾದಷ್ಟೂ ಒಳ್ಳೇದು ಅನ್ನಿಸಿತು.

ವಿಷಯ ಏನಪ್ಪಾ ಅಂದರೆ, ಮೋನಿಕಾಳ ಗೆಳತಿ ಸುಷ್ಮಿತಾ ಅನ್ನೋಳು ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಲೆಕ್ಚರರ್. ಅವಳೂ ಅವಳ ವಿದ್ಯಾರ್ಥಿಗಳೂ ಸೇರಿಕೊಂಡು ಮಿಣುಕು ಅನ್ನೋ ಪುಟಾಣಿ ಉಪಗ್ರಹ ಮಾಡಿದ್ದರು. ಅದು ಬೇರೆ ಹನ್ನೊಂದು ಉಪಗ್ರಹಗಳ ಜೊತೆ ಒಂದೇ ರಾಕೆಟ್ಟಿನಲ್ಲಿ ಮೇಲೆ ಹೋಗಿತ್ತು. ಗಾತ್ರ ಒಂದು ಲೀಟರ್ ಎಣ್ಣೆ ಡಬ್ಬದಷ್ಟು. ಹಿರಿಯೂರಿನಿಂದ ಬೆಂಗಳೂರಿಗೆ ಮೂರು ಸಲ ಹೋದರೆ ಎಷ್ಟು ದೂರವೋ ಅಷ್ಟು ಎತ್ತರದಲ್ಲಿ ಸುತ್ತುತ್ತೆ. ಸುತ್ತುತ್ತ ರೇಡಿಯೋದಲ್ಲಿ ಟೀಂ ಟೀಂ ಅಂತ ಸದ್ದು ಮಾಡುತ್ತೆ. ತಲೆ ಮೇಲೆ ಹಾದುಹೋಗುವಾಗ ಯಾರಿಗೆ ಕೇಳಿಸುತ್ತೋ ಅವರು ರೆಕಾರ್ಡ್ ಮಾಡಿ ಕಳಿಸಿದರೆ, ಅದರ ಆರೋಗ್ಯ ಹೇಗಿದೆ ಅಂತ ಅವರಿಗೆ ಗೊತ್ತಾಗುತ್ತೆ.

ಊಟಕ್ಕೆ ಕೂತಾಗ ಮೋನಿಕಾ ಅಪ್ಪನ ಮುಂದೆ ವಿಷಯ ಇಟ್ಟಳು. ಅವರು ಮೊದಲು ತಲೆ ಎತ್ತಲೇ ಇಲ್ಲ.

"ಒಂದು ಸುತ್ತಿಗೆ ಎಷ್ಟೊತ್ತು?" ಅಂತ ಸುಮ್ಮನೆ ಕೇಳಿದರು.

"ಒಂದೂವರೆ ಗಂಟೆ ಅಪ್ಪ. ಇಡೀ ಭೂಮಿಗೆ."

ಕೈಯಲ್ಲಿದ್ದ ಮುದ್ದೆ ಕೈಯಲ್ಲೇ ನಿಂತಿತು. "ಒಂದೂವರೆ ಗಂಟೇಲಿ ಭೂಮಿ? ನಮ್ಮ ಹೊಸದುರ್ಗದ ಗಾಡಿ ಅಷ್ಟೊತ್ತಿಗೆ ಹೊಸದುರ್ಗ ಮುಟ್ಟಿದ್ರೆ ನಾನು ಕೈ ಮುಗೀತಿದ್ದೆ. ಇದು ಬರೋದು ಎಷ್ಟೊತ್ತಿಗೆ?"

"ಅದೇ ಅಪ್ಪ ಇದರ ವಿಶೇಷ. ಇದು ಉತ್ತರ ಧ್ರುವ, ದಕ್ಷಿಣ ಧ್ರುವದ ಮೇಲಿಂದ ಸುತ್ತುತ್ತೆ. ಸೂರ್ಯನ ಜೊತೆ ಹೊಂದಿಸ್ಕೊಂಡಿರೋ ದಾರಿ. ಹಂಗಾಗಿ ನಮ್ಮೂರ ಮೇಲೆ ಯಾವಾಗ ಬಂದ್ರೂ ಬೆಳಿಗ್ಗೆ ಒಂಬತ್ತೂವರೆ ಆಸುಪಾಸೇ. ಮಳೆಗಾಲ, ಚಳಿಗಾಲ ಏನೇ ಇರ್ಲಿ. ಒಂದಿನ ನೆತ್ತಿ ಮೇಲೆ, ಒಂದಿನ ಪಕ್ಕಕ್ಕೆ. ಹತ್ತಿಪ್ಪತ್ತು ನಿಮಿಷ ಹಿಂದೆ ಮುಂದೆ ಆಗುತ್ತೆ, ಆದ್ರೆ ಅದನ್ನೂ ಸೆಕೆಂಡಿನ ಲೆಕ್ಕದಲ್ಲಿ ಮೊದಲೇ ಹೇಳ್ತಾರೆ."

"ಅಂದ್ರೆ..." ಇವರು ಮುದ್ದೆಯನ್ನು ತಟ್ಟೆಗಿಟ್ಟರು. "ಟೈಮ್ ಟೇಬಲ್ ಐತೆ?"

"ಐತೆ ಅಪ್ಪ."

"ತಪ್ಪಲ್ಲ?"

"ತಪ್ಪಲ್ಲ."

ಇವರು ಎಡಗೈಯಿಂದ ಕಣ್ಣು ಒರೆಸಿಕೊಂಡರು. ಅರ್ಧ ಆಯುಷ್ಯ ಒಂದೇ ಒಂದು ಗಾಡಿ ಸರಿಯಾದ ಹೊತ್ತಿಗೆ ಬರಲಿ ಅಂತ ಕಾದವರಿಗೆ ಕೊನೆಗೂ ಆಕಾಶದಲ್ಲಿ ಒಂದು ಸಿಕ್ಕಿತು.

ಭಾನುವಾರ ಅಪ್ಪ ಮಗಳು ಸೇರಿ ಆಂಟೆನಾ ಮಾಡಿದರು. ನೀರಿನ ಪೈಪಿನ ಒಂದು ತುಂಡು, ಬಡಗಿಗಳು ಇಟ್ಟುಕೊಳ್ಳೋ ಉಕ್ಕಿನ ಅಳತೆ ಟೇಪನ್ನು ಕತ್ತರಿಸಿದ ಪಟ್ಟಿಗಳು. ನೋಡೋಕೆ ದೊಡ್ಡ ಮೀನಿನ ಮುಳ್ಳಿನ ಹಾಗಿತ್ತು. ಅದರಿಂದ ಒಂದು ವೈರು, ವೈರಿನ ತುದಿಗೆ ಪೆನ್ ಡ್ರೈವಿನಂಥ ರಿಸೀವರ್, ಅದು ಹೋಗಿ ಮೋನಿಕಾಳ ಹಳೇ ಲ್ಯಾಪ್‌ಟಾಪಿಗೆ. ಮೊದಲನೇ ದಿನ ಅದು ಬಂದದ್ದು ಒಂಬತ್ತು ಮೂವತ್ತೆಂಟಕ್ಕೆ. ಆಮೇಲೆ ಯಾವ ಹೊತ್ತಿಗೆ ಬಂದರೂ ನಮ್ಮನೆಯಲ್ಲಿ ಅದರ ಹೆಸರು ಒಂಬತ್ತು ಮೂವತ್ತೆಂಟರ ಗಾಡಿ ಅಂತಲೇ ಆಯಿತು. ರಾತ್ರಿಯೂ ಒಂದು ಟ್ರಿಪ್ಪು ಇತ್ತಂತೆ. ಇವರು ರಾತ್ರಿ ಪಾಳಿ ಒಪ್ಪಲಿಲ್ಲ.

ನಾನು ಅಡುಗೆಮನೆಗೆ ಬಾಗಿಲು ಹಾಕಿಕೊಂಡು, ಎಲ್ಲ ಡಬ್ಬಗಳನ್ನೂ ಅವುಗಳ ಹುಟ್ಟಿದ ಜಾಗಕ್ಕೆ ಸೇರಿಸಿ, ಒಂದು ಲೋಟ ಕಾಫಿ ಮಾಡಿಕೊಂಡು ಕುಡಿದೆ. ಇಂಥ ಕಾಫಿ ನಾನು ಜನ್ಮದಲ್ಲಿ ಕುಡಿದಿರಲಿಲ್ಲ. ಸುಖ ನಾಲ್ಕು ದಿನ ಇತ್ತು.

ಐದನೇ ದಿನ ಮಹಡಿಯಿಂದ ಕೂಗು. "ಸಿದ್ದಿ! ಲೇ ಸಿದ್ದಿ! ಬಾರೇ ಬೇಗ!"

ಹೋಗಿ ನೋಡಿದರೆ ಆಂಟೆನಾ ಹಿಡಿದ ಕೈ ಅರ್ಧಕ್ಕೆ ನಿಂತಿದೆ, ಮೇಲಕ್ಕೂ ಹೋಗಲ್ಲ, ಕೆಳಕ್ಕೂ ಬರಲ್ಲ. ಹೆಗಲು ಹಿಡಿದುಕೊಂಡಿತ್ತು. ಡಾಕ್ಟರು ಮೂರು ತಿಂಗಳು ಕೈ ಎತ್ತಬೇಡಿ ಅಂದರು. ಅದಕ್ಕಿಂತ ದೊಡ್ಡ ಗುಟ್ಟು ಇನ್ನೊಂದಿತ್ತು. ಅದು ಅವತ್ತೇ ಹೊರಬಿತ್ತು. ನಾಲ್ಕು ದಿನದಿಂದ ಇವರಿಗೆ ಏನೂ ಕೇಳಿಸಿಯೇ ಇರಲಿಲ್ಲ! ಜೀವಮಾನ ಪೂರ್ತಿ ಬಸ್ಸಿನ ಹಾರನ್ ಪಕ್ಕ ನಿಂತ ಕಿವಿ ಅದು. ಸಣ್ಣ ಸದ್ದೆಲ್ಲ ಆ ಕಿವಿಗೆ ರಜೆ ಚೀಟಿ ಕೊಟ್ಟು ಎಷ್ಟೋ ವರ್ಷವಾಗಿತ್ತು. ಬರೀ ಟೈಮ್ ಟೇಬಲ್ ನೋಡಿಕೊಂಡು "ಗಾಡಿ ಬಂತು, ಗಾಡಿ ಹೋಯ್ತು" ಅಂತ ಬರೆದಿದ್ದರು.

"ನೀನು ಹಿಡ್ಕಳೇ ಒಂದು ವಾರ," ಅಂದರು ಹೆಗಲಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತ. "ನಾನು ಕೆಳಗಿಂದ ಕಂಟ್ರೋಲ್ ಮಾಡ್ತೀನಿ."

"ನನಗೆ ಅಡುಗೆ ಐತೆ."

"ಹತ್ತೇ ನಿಮಿಷ. ಒಲೆ ನಾನು ನೋಡ್ಕಂತೀನಿ."

ಇಲ್ಲೇ ನೋಡಿ ನಾನು ಎಡವಿದ್ದು. ಹತ್ತು ನಿಮಿಷ ತಾನೇ ಅಂತ ಸೆರಗು ಸಿಕ್ಕಿಸಿಕೊಂಡು ಮಹಡಿ ಹತ್ತಿದೆ. ಕೆಳಗಿಂದ ಸೀಟಿ ಕೇಳಿತು. ಉತ್ತರಕ್ಕೆ ಆಂಟೆನಾ ಹಿಡಿದೆ. ಲ್ಯಾಪ್‌ಟಾಪಿನಿಂದ ಬರೀ ಬುಸ್ ಅನ್ನೋ ಸದ್ದು, ಎಣ್ಣೆ ಕಾಯುವಾಗಿನ ಹಾಗೆ. ಒಂದು ನಿಮಿಷ, ಎರಡು ನಿಮಿಷ. ಆಮೇಲೆ ಆ ಬುಸ್ಸಿನ ತಳದಿಂದ ಸಣ್ಣಗೆ, ಎಲ್ಲೋ ದೂರದಿಂದ ಟೀಂ... ಟೀಂ ಟೀ... ಟೀಂ.

ನನ್ನ ತಂದೆ ಬೀರಪ್ಪ ಬಾಗೂರಿನಲ್ಲಿ ಕುರಿ ಸಾಕಿದವರು. ಇನ್ನೂರು ಕುರಿ ಒಟ್ಟಿಗೆ ಅರಚುವಾಗ ಯಾವ ಮರಿ ತಾಯಿಯಿಂದ ತಪ್ಪಿಸಿಕೊಂಡಿದೆ ಅಂತ ಬೇಲಿ ಆಚೆ ಕೂತು ಹೇಳೋದು ಚಿಕ್ಕಂದಿನಲ್ಲಿ ನನ್ನ ಕೆಲಸವಾಗಿತ್ತು. ಈ ಟೀಂ ಟೀಂ ಕೇಳಿದ ತಕ್ಷಣ ಮೈಮೇಲಿನ ಕೂದಲು ಎದ್ದವು. ಅಷ್ಟು ಎತ್ತರದಲ್ಲಿ, ಅಷ್ಟು ಸಣ್ಣದು, ಒಂಟಿಯಾಗಿ ಅರಚುತ್ತ ಹೋಗುತ್ತಿದೆ! ಆಂಟೆನಾ ಸ್ವಲ್ಪ ಆಕಡೆ ತಿರುಗಿಸಿದರೆ ದನಿ ಮಂಕು, ಈಕಡೆ ತಂದರೆ ಸ್ಪಷ್ಟ. ಹತ್ತಿರ ಬರುವಾಗ ದನಿ ಏರು, ದಾಟಿಹೋಗುವಾಗ ಇಳಿ, ಥೇಟ್ ರಸ್ತೆಯಲ್ಲಿ ಹಾದುಹೋಗೋ ಬಸ್ಸಿನ ಹಾರನ್ನಿನ ಹಾಗೆ. ಉತ್ತರದಿಂದ ನೆತ್ತಿ, ನೆತ್ತಿಯಿಂದ ದಕ್ಷಿಣ. ಆ ಎಣ್ಣೆ ಡಬ್ಬವನ್ನು ಕೈಹಿಡಿದು ರಸ್ತೆ ದಾಟಿಸಿ ಕಳಿಸಿದ ಹಾಗಾಯಿತು.

ಕೆಳಗಿಳಿದು ಬಂದರೆ ಇವರು ಚಿತ್ರಾನ್ನಕ್ಕೆ ಒಗ್ಗರಣೆ ಹಾಕಿದ್ದರು. ಚೆನ್ನಾಗಿಯೂ ಇತ್ತು. ಆ ಖುಷಿಯಲ್ಲಿ ನಾನು ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ.

ಒಂದು ವಾರ ಅಂದಿದ್ದು ತಿಂಗಳಾಯಿತು, ಎರಡು ತಿಂಗಳಾಯಿತು. ನಾನು ಮಹಡಿ ಮೇಲೆ, ಅವರು ಒಲೆ ಮುಂದೆ. ನಾನು ಕಳಿಸೋ ರೆಕಾರ್ಡುಗಳು ಅವರ ಇ-ಮೇಲಿನಿಂದಲೇ ಹೋಗುತ್ತಿದ್ದವು, ನನಗೆ ಇ-ಮೇಲ್ ಇಲ್ಲವಲ್ಲ. ಪಕ್ಕದ ಮನೆ ದುರುಗಕ್ಕ ತನ್ನ ಮಹಡಿಯಿಂದ ದಿನಾ ನೋಡುತ್ತಿದ್ದಳು. ಮೊದಲ ವಾರ ಮಂಗ ಓಡಿಸ್ತಿದಾಳೆ ಅಂದುಕೊಂಡಳು, ಎರಡನೇ ವಾರ ತಮ್ಮನೆ ಕೇಬಲ್ ಕದೀತಿದಾಳೆ ಅಂದುಕೊಂಡಳು. ಉಪಗ್ರಹ ಅಂತ ಹೇಳಿದಾಗ, "ಹೌದಾ, ನಮ್ಮನೆಯೋರಿಗೂ ಗ್ರಹಚಾರ ಸರಿ ಇಲ್ಲ, ಒಂದು ಸಲ ಹಿಡಿಸಿ ನೋಡಾಣ" ಅಂದಳು.

ಇತ್ತ ನಮ್ಮನೆಯವರು ಅಡುಗೆಯಲ್ಲಿ ಎಲ್ಲಿಗೋ ಹೋಗಿಬಿಟ್ಟರು. ಯಾವುದಕ್ಕೂ ಅಳತೆ ಇಲ್ಲ, ಬರೀ ಟೈಮು. "ಮಂಡಕ್ಕಿ ನೀರಲ್ಲಿ ಇಪ್ಪತ್ತು ಸೆಕೆಂಡ್ ನಿಲ್ಲಬೇಕು, ಇಪ್ಪತ್ತೊಂದಕ್ಕೆ ಬಿಡಬೇಕು" ಅನ್ನೋರು. ಅವರ ಮಂಡಕ್ಕಿ ಒಗ್ಗರಣೆ ಎಷ್ಟು ಹದವಾಗಿರುತ್ತಿತ್ತು ಅಂದರೆ, ಒಪ್ಪಿಕೊಳ್ಳೋಕೆ ಹೊಟ್ಟೆ ಉರೀತಿತ್ತು. ಹೊಟ್ಟೆ ಉರಿಯುತ್ತಲೇ ಎರಡನೇ ಸಲ ಹಾಕಿಸಿಕೊಳ್ಳುತ್ತಿದ್ದೆ. ಡಬ್ಬಗಳು ಮತ್ತೆ ಪ್ಲಾಟ್‌ಫಾರಮ್ಮಿಗೆ ಹೋದವು. ನಾನು ಒಳಗೆ ಕಾಲಿಟ್ಟರೆ, "ಏನು ಬೇಕು, ಇಲ್ಲಿಂದಲೇ ಹೇಳು" ಅನ್ನೋ ಮಟ್ಟಕ್ಕೆ ಬಂತು. ನನಗೂ ಬೇಕಾಗಿರಲಿಲ್ಲ ಬಿಡಿ. ನನ್ನ ಜೀವ ಮಹಡಿ ಮೇಲಿತ್ತು.

ಹೀಗಿರುವಾಗ ಒಂದು ದಿನ ಮಿಣುಕು ಬರಲಿಲ್ಲ. ಆಂಟೆನಾ ಎಷ್ಟು ತಿರುಗಿಸಿದರೂ ಬರೀ ಬುಸ್. ಮಾರನೇ ದಿನವೂ ಇಲ್ಲ. ಸುಷ್ಮಿತಾ ಫೋನ್ ಮಾಡಿ, ಬ್ಯಾಟರಿ ತೊಂದರೆ ಇರಬೇಕು, ಎಲ್ಲೂ ಯಾರಿಗೂ ಕೇಳಿಸ್ತಿಲ್ಲ ಅಂದಳು. ಹದಿನೈದು ದಿನವಾಯಿತು. ಇನ್ನು ಒಂದು ವಾರ ನೋಡಿ ಕೈಬಿಡ್ತೀವಿ ಅಂದಳು. ಹುಡುಗಿ ದನಿ ಒಡೆದಿತ್ತು. ನಾಲ್ಕು ವರ್ಷ ಕೂತು ಮಾಡಿದ್ದಂತೆ. ನನಗೂ ಊಟ ಸೇರದಂತಾಯಿತು.

"ಅದಕ್ಕೇನೋ ಆಗೈತೆ ಕಣ್ರಿ," ಅಂದೆ.

"ಗಾಡಿ ಅಂದ್ಮೇಲೆ ಬ್ರೇಕ್‌ಡೌನ್ ಆಗುತ್ತೆ," ಅಂದರು ಇವರು. ಆದರೆ ಅವರೂ ಅವತ್ತು ಸಾರಿಗೆ ಎರಡು ಸಲ ಉಪ್ಪು ಹಾಕಿದ್ದರು.

ಹದಿನೇಳನೇ ದಿನ. ಟೈಮ್ ಟೇಬಲ್ ಪ್ರಕಾರ ಗಾಡಿ ಒಂಬತ್ತು ನಲವತ್ತೊಂದಕ್ಕೆ ಬಂದು ಐವತ್ತೊಂದಕ್ಕೆ ಹೋಗಬೇಕು. ಹತ್ತು ನಿಮಿಷವೂ ಬುಸ್ಸನ್ನೇ ಕೇಳಿ, ಆಂಟೆನಾವನ್ನು ನೀರಿನ ಟ್ಯಾಂಕಿಗೆ ಒರಗಿಸಿ ಇಳಿಯೋಕೆ ಹೊರಟೆ. ಇಳಿಯೋಕಾಗಲಿಲ್ಲ. ಇವರು ಕೆಳಗೆ ಒಣಮೆಣಸಿನಕಾಯಿ ಹುರಿಯುತ್ತಿದ್ದರು. ಘಾಟು ಮೆಟ್ಟಿಲಲ್ಲಿ ಗೋಡೆಯಂತೆ ನಿಂತಿತ್ತು. ಕೆಮ್ಮುತ್ತ, ಸೀನುತ್ತ ಮತ್ತೆ ಮೇಲೆ ಬಂದು ಟ್ಯಾಂಕಿನ ನೆರಳಲ್ಲಿ ಕೂತೆ. ಲ್ಯಾಪ್‌ಟಾಪ್ ಇನ್ನೂ ಆರಿಸಿರಲಿಲ್ಲ.

ಎರಡು ಸೀನಿನ ನಡುವೆ ಏನೋ ಕೇಳಿಸಿತು. ಟೀಂ.

ಉಸಿರು ಬಿಗಿಹಿಡಿದೆ. ಟೀಂ ಟೀ... ಟೀಂ. ಅದೇ ದನಿ! ನಡುವೆ ಸ್ವಲ್ಪ ಕುಂಟೋ ಅದೇ ಲಯ! ಎದ್ದು ಆಂಟೆನಾ ಬಾಚಿಕೊಂಡೆ.

ಕೆಳಗಿಂದ ಸೀಟಿ. "ಲೇ ಸಿದ್ದಿ! ಗಾಡಿ ಹೋಗಿ ಎರಡು ನಿಮಿಷ ಆಯ್ತು. ಇಳಿ!"

"ಬಂತು ಕಣ್ರಿ!"

"ಏನು ಬಂತು?"

"ಗಾಡಿ!"

"ಯಾವ ಗಾಡಿ?"

"ನಮ್ದೇ!"

"ನಮ್ದು ಹೋಯ್ತು ಅಂತ ಹೇಳ್ತಿದೀನಲ್ಲ!"

"ಲೇಟಾಗಿ ಬಂತು ರೀ!"

ಜಾಲರಿ ಸೌಟು ಹಿಡಿದುಕೊಂಡೇ ಅಂಗಳಕ್ಕೆ ಬಂದು ಮೇಲೆ ನೋಡಿದರು. ಮುಖ ಕೆಂಪಗಾಗಿತ್ತು, ಮೆಣಸಿನಕಾಯಿಗೋ ಅವಮಾನಕ್ಕೋ. "ಅದು ಲೇಟಾಗೋ ಗಾಡಿ ಅಲ್ಲ ಕಣೇ! ಬೇರೆ ಯಾವುದ್ರದೋ ಸದ್ದು ಕೇಳ್ಕಂಡು ನಮ್ಮ ಗಾಡಿ ಮೇಲೆ ಹೊರಿಸ್ಬೇಡ!"

ಪುಸ್ತಕದಲ್ಲಿ ಬರೆದುಕೊಳ್ಳಿ ಅಂದರೆ ಬರೆದುಕೊಳ್ಳಲೇ ಇಲ್ಲ. ನಿಗದಿ ಇಲ್ಲದ ಗಾಡಿಯನ್ನು ಬರೆದುಕೊಂಡರೆ ರಿಜಿಸ್ಟರ್ ಹಾಳಾಗುತ್ತಂತೆ.

ಮಾರನೇ ದಿನ ಅವರನ್ನು ಹಿಡಿದುಕೊಂಡೇ ಮಹಡಿಗೆ ಕರೆದೊಯ್ದೆ. ಟೈಮ್ ಟೇಬಲ್ಲಿನ ಗಾಡಿ ಹೊತ್ತಿಗೆ ಸರಿಯಾಗಿ ಏನೂ ಬರಲಿಲ್ಲ. ಕೈಗಡಿಯಾರ ನೋಡಿ ಅವರು ಎದ್ದರು. "ಕುಂತ್ಕಳ್ರಿ," ಅಂದೆ. ಕೂತರು. ಹನ್ನೆರಡು ನಿಮಿಷ ತಡವಾಗಿ ಬಂತು. ಅವರ ಕಿವಿಗೆ ಬೀಳಲಿಲ್ಲ. ಆದರೆ ಲ್ಯಾಪ್‌ಟಾಪಿನ ಪರದೆ ಮೇಲೆ ಸದ್ದಿನ ಗೆರೆ ಓರೆಯಾಗಿ ಇಳಿಯುತ್ತ ಬಂದದ್ದು ಕಣ್ಣಿಗೆ ಕಾಣಿಸಿತು. ಬಾಯಲ್ಲಿದ್ದ ಸೀಟಿ ತೆಗೆದು ಜೇಬಿಗಿಟ್ಟುಕೊಂಡರು. ಆಮೇಲೆ ಪುಸ್ತಕ ತೆರೆದು ಬರೆದರು. "ತಡ: ಹನ್ನೆರಡು ನಿಮಿಷ. ಕಾರಣ: ಟೈಮ್ ಟೇಬಲ್ ತಪ್ಪು."

ಇಡೀ ಆಯುಷ್ಯದಲ್ಲಿ ಅವರು ಟೈಮ್ ಟೇಬಲ್ಲನ್ನು ತಪ್ಪು ಅಂತ ಬರೆದದ್ದು ಅದೇ ಮೊದಲು.

ರೆಕಾರ್ಡು ತಲುಪಿದ ಹತ್ತು ನಿಮಿಷಕ್ಕೆ ಸುಷ್ಮಿತಾಳ ಫೋನು. ಅಳುತ್ತಿದ್ದಳೋ ನಗುತ್ತಿದ್ದಳೋ ಗೊತ್ತಾಗಲಿಲ್ಲ. ಒಂದೇ ರಾಕೆಟ್ಟಿನಲ್ಲಿ ಹೋದ ಹನ್ನೆರಡು ಉಪಗ್ರಹಗಳು ಮೊದಮೊದಲು ಒಟ್ಟೊಟ್ಟಿಗೇ ಇದ್ದವಂತೆ. ಬರಬರುತ್ತ ಒಂದು ಮುಂದೆ, ಒಂದು ಹಿಂದೆ ಆಗಿ ಚದುರಿದವಂತೆ. ಅವುಗಳಲ್ಲಿ ಯಾವುದು ತಮ್ಮದು ಅಂತ ಗುರುತು ಹಚ್ಚೋದರಲ್ಲಿ ಎಡವಟ್ಟಾಗಿ, ಮಿಣುಕು ಸುಮ್ಮನಾಯಿತು ಅಂದುಕೊಂಡ ಆ ದಿನಗಳಲ್ಲಿ ಎಲ್ಲರೂ ಇನ್ಯಾರದೋ ಉಪಗ್ರಹದ ಟೈಮ್ ಟೇಬಲ್ ಇಟ್ಟುಕೊಂಡು ಕಾಯುತ್ತಿದ್ದರಂತೆ.

"ಹಟ್ಟಿಯಿಂದ ಬಿಟ್ಟ ಕುರಿ ಕಣಮ್ಮ," ಅಂದೆ. "ಮೊದಲು ಒಟ್ಟಿಗೇ ಹೋಗ್ತವೆ, ಆಮೇಲೆ ಚದುರ್ತವೆ. ನೀವು ಪಕ್ಕದೋರ ಕುರಿ ಹಿಂದೆ ಹೋಗಿದ್ರಿ."

"ಆಂಟಿ, ಭಾನುವಾರ ನಿಮ್ಮನೆಗೆ ಬರ್ತೀವಿ," ಅಂದಳು. "ನಿಮಗೊಂದು ಸನ್ಮಾನ ಮಾಡಬೇಕು."

ಸನ್ಮಾನ! ನಾನು ಮೊಳಕಾಲ್ಮೂರು ರೇಷ್ಮೆ ಸೀರೆ ತೆಗೆದು ಬಿಸಿಲಿಗೆ ಹಾಕಿದೆ. ಕನ್ನಡಿ ಮುಂದೆ ನಿಂತು, "ಇದು ನನ್ನೊಬ್ಬಳ ಸಾಧನೆಯಲ್ಲ" ಅಂತ ನಾಲ್ಕು ಸಲ ಹೇಳಿ ಅಭ್ಯಾಸ ಮಾಡಿದೆ. (ನನ್ನೊಬ್ಬಳದೇ ಆಗಿತ್ತು. ಆದರೆ ಹಾಗೆ ಹೇಳೋದು ರೂಢಿ.) ಇವರು ನಾಲ್ಕು ಸೇರು ಮಂಡಕ್ಕಿ ತಂದು, ಮೆಣಸಿನಕಾಯಿ ಬಜ್ಜಿಗೆ ಹಿಟ್ಟು ಜರಡಿ ಹಿಡಿದರು.

ಭಾನುವಾರ ಸುಷ್ಮಿತಾ ಮತ್ತು ನಾಲ್ಕು ಜನ ವಿದ್ಯಾರ್ಥಿಗಳು ಬಂದರು. ಅವರೆದುರಿಗೇ ಮಿಣುಕನ್ನು ಉತ್ತರದಿಂದ ದಕ್ಷಿಣದ ತನಕ ಹಿಡಿದು ತೋರಿಸಿದೆ. ಮಕ್ಕಳು ಚಪ್ಪಾಳೆ ಹೊಡೆದರು. ಎಲ್ಲ ಮುಗಿದು ಕೆಳಗಿಳಿದು ತಟ್ಟೆ ಹಾಕುವ ಹೊತ್ತಿಗೆ, ಸುಷ್ಮಿತಾ ಕರೆಸಿದ್ದ ಸ್ಥಳೀಯ ಪತ್ರಿಕೆಯೊಂದರ ವರದಿಗಾರ ಶಿವಕುಮಾರಪ್ಪ ಬೈಕಿನಲ್ಲಿ ಬಂದಿಳಿದರು.

"ಎಲ್ಲೈತ್ರಿ ಉಪಗ್ರಹ?"

"ಹೋಯ್ತು ಸಾರ್. ಈಗ ಶ್ರೀಲಂಕಾ ದಾಟಿರುತ್ತೆ," ಅಂದಳು ಸುಷ್ಮಿತಾ.

"ಒಂದು ಫೋಟೋಕ್ಕೆ ನಿಲ್ಲಿಸೋಕಾಗ್ತಿರಲಿಲ್ವಾ?" ಅಂತ ಬೇಜಾರು ಮಾಡಿಕೊಂಡು, ಮಂಡಕ್ಕಿ ಒಗ್ಗರಣೆ ಕಡೆ ನೋಡಿ ಸಮಾಧಾನ ಮಾಡಿಕೊಂಡರು. ಎರಡು ತಟ್ಟೆ ತಿಂದಾದ ಮೇಲೆ ಕ್ಯಾಮೆರಾ ತೆಗೆದರು. "ಯಜಮಾನ್ರೇ, ಆ ಆಂಟೆನಾ ಹಿಡ್ಕಳ್ರಿ. ಅಮ್ಮ, ನೀವು ತಟ್ಟೆ ಹಿಡ್ಕಂಡು ಹಿಂದೆ ನಿಂತ್ಕಳ್ರಿ."

"ಹಿಡಿದಿದ್ದು ನಾನು ಕಣಪ್ಪ," ಅಂದೆ.

"ಗೊತ್ತಮ್ಮ, ಗೊತ್ತು. ಫೋಟೋ ಚೆನ್ನಾಗಿ ಬರ್ಲಿ ಅಂತ ಅಷ್ಟೆ."

"ನನಗೆ ಕೈ ಎತ್ತೋಕಾಗಲ್ಲ ಸಾರ್," ಅಂದರು ಇವರು. ಇಬ್ಬರು ವಿದ್ಯಾರ್ಥಿಗಳು ಅವರ ಮೊಣಕೈಗೆ ಆಸರೆ ಕೊಟ್ಟು ನಿಂತರು.

ಮಂಗಳವಾರ ಪತ್ರಿಕೆ ಬಂತು. ದಪ್ಪಕ್ಷರದಲ್ಲಿ, "ಆಕಾಶದ ದನಿ ಹಿಡಿದ ನಿವೃತ್ತ ಕಂಟ್ರೋಲರ್ ಕಾಟಯ್ಯ." ಕೆಳಗೆ ಸಣ್ಣಕ್ಷರದಲ್ಲಿ, "ಪತಿಯ ಸಾಧನೆಗೆ ಬೆನ್ನೆಲುಬಾದ ಸಿದ್ದಕ್ಕ ಅತಿಥಿಗಳಿಗೆ ಸ್ವತಃ ತಯಾರಿಸಿದ ರುಚಿಕರ ಉಪ್ಪಿಟ್ಟು ಬಡಿಸಿದರು."

ನಾನು ಪತ್ರಿಕೆಯನ್ನು ಮೇಜಿನ ಮೇಲೆ ಕುಕ್ಕಿದೆ. "ನೋಡಿದ್ರಾ ಇವರ ಕೆಲಸ?"

"ನೋಡ್ದೆ!" ನನಗಿಂತ ಹೆಚ್ಚು ಸಿಟ್ಟಿನಲ್ಲಿದ್ದರು ಅವರು. ಕಿವಿ ತುದಿ ಕೆಂಪಾಗಿತ್ತು. "ನಾನು ಮಾಡಿದ್ದಕ್ಕೆ ನಿನ್ನ ಹೆಸರು ಹಾಕವ್ರೆ! ಅದೂ ಉಪ್ಪಿಟ್ಟಂತೆ! ನನ್ನ ಮಂಡಕ್ಕಿ ಒಗ್ಗರಣೆಗೆ ಉಪ್ಪಿಟ್ಟು ಅಂದವ್ರೆ!"

ಮೂವತ್ತೊಂದು ವರ್ಷದಲ್ಲಿ ನಾವಿಬ್ಬರೂ ಒಂದೇ ವಿಷಯಕ್ಕೆ ಒಟ್ಟಿಗೆ ಸಿಟ್ಟಾದದ್ದು ಅಪರೂಪ. ಇಬ್ಬರೂ ಸೇರಿ ಸುಷ್ಮಿತಾಗೆ ಹೇಳಿದೆವು. ಅವಳು ಪತ್ರಿಕೆಗೆ ಫೋನ್ ಮಾಡಿ ಚೆನ್ನಾಗಿ ಕೇಳಿದಳು. ಗುರುವಾರ ಮೂಲೆಯಲ್ಲಿ ತಿದ್ದುಪಡಿ ಬಂತು. "ಮಂಗಳವಾರದ ವರದಿಯಲ್ಲಿ ಉಪ್ಪಿಟ್ಟು ಎಂದಿರುವುದನ್ನು ಮಂಡಕ್ಕಿ ಒಗ್ಗರಣೆ ಎಂದು ಓದಿಕೊಳ್ಳಬೇಕು."

ಇವರಿಗೆ ಅರ್ಧ ಸಮಾಧಾನವಾಯಿತು. ನನಗೆ ಅದೂ ಇಲ್ಲ.

ಆಮೇಲೆ ಎರಡು ಆಹ್ವಾನ ಬಂದವು, ಎರಡೂ ಒಂದೇ ಶನಿವಾರಕ್ಕೆ. ಹೈಸ್ಕೂಲಿನವರು ವಿಜ್ಞಾನದ ಬಗ್ಗೆ ಮಾತಾಡೋಕೆ ಇವರನ್ನು ಕರೆದರು. ನಮ್ಮ ಬೀದಿಯ ಮಹಿಳಾ ಸಮಾಜದವರು ಮಂಡಕ್ಕಿ ಒಗ್ಗರಣೆ ಮಾಡಿ ತೋರಿಸೋಕೆ ನನ್ನನ್ನು ಕರೆದರು.

"ಹೋಗಾಣ," ಅಂದರು ಇವರು. "ಹೋಗಿ ಇದ್ದದ್ದು ಇದ್ದ ಹಾಗೆ ಹೇಳ್ಬಿಡಾಣ. ನೀನು ಅಲ್ಲಿ ನನ್ನ ಹೆಸರು ಹೇಳು, ನಾನು ಸ್ಕೂಲಲ್ಲಿ ನಿನ್ನ ಹೆಸರು ಹೇಳ್ತೀನಿ." ನ್ಯಾಯವಾದ ಮಾತು ಅನ್ನಿಸಿತು.

ನಾನು ಸಮಾಜದ ಮೈಕು ಹಿಡಿದು ಹೇಳಿಯೇಬಿಟ್ಟೆ. "ಅವತ್ತಿನ ಒಗ್ಗರಣೆ ಮಾಡಿದ್ದು ನಾನಲ್ಲ, ನಮ್ಮನೆಯೋರು. ಅದರ ಹದ ನನಗೆ ಗೊತ್ತಿಲ್ಲ."

ಅರವತ್ತು ಜನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದಿನ ಸಾಲಿನಿಂದ ದುರುಗಕ್ಕ ಎಲ್ಲರಿಗೂ ಕೇಳೋ ಹಾಗೆ ಪಿಸುಗುಟ್ಟಿದಳು. "ಗುಟ್ಟು ಬಿಟ್ಟುಕೊಡೋಕೆ ಮನಸ್ಸಿಲ್ಲ ಕಣ್ರೇ. ಅದಕ್ಕೆ ಪಾಪ, ಗಂಡನ ಮೇಲೆ ಹಾಕ್ತಾಳೆ."

"ಮಾಡಿ ತೋರಿಸ್ಲಿ!" ಅಂತ ಹಿಂದಿನಿಂದ ಕೂಗು. ಒಲೆ ಮುಂದೆ ನಿಲ್ಲಿಸಿದರು. ಮಂಡಕ್ಕಿಯನ್ನು ನೀರಿಗೆ ಹಾಕಿದೆ. ಎಷ್ಟು ಸೆಕೆಂಡು? ಹತ್ತೋ, ಇಪ್ಪತ್ತೋ? ನನ್ನ ಕೈಗೆ ಮೂರು ತಿಂಗಳಿಂದ ಬರೀ ಆಂಟೆನಾ ಗೊತ್ತು. ಯೋಚನೆ ಮಾಡುತ್ತ ನಿಂತೆ. ತೆಗೆಯೋ ಹೊತ್ತಿಗೆ ಅದು ಅಂಬಲಿಯಾಗಿತ್ತು. ಒಗ್ಗರಣೆ ಹಾಕಿದೆ. ಸಾಸಿವೆ ಸೀದು ಕರ್ರಗಾಗಿ ಹೊಗೆ ಎದ್ದಿತು. ಅರವತ್ತು ಜನವೂ ಕೆಮ್ಮುತ್ತ ಹೊರಗೆ ಹೋದರು. ಅವರು ಬಂದ ತೀರ್ಮಾನ ಒಂದೇ. ಬೇಕಂತಲೇ ಕೆಡಿಸಿದಾಳೆ.

ಮನೆಗೆ ಬಂದು ಬಾಗಿಲು ಹಾಕಿಕೊಂಡು ಕೂತೆ. ಸ್ವಲ್ಪ ಹೊತ್ತಿಗೆ ಇವರು ಬಂದರು. ಕೊರಳಲ್ಲಿ ಹಾರ, ಕೈಯಲ್ಲಿ ಹಣ್ಣಿನ ಬುಟ್ಟಿ, ಹೆಗಲ ಮೇಲೆ ಒಂದಲ್ಲ, ಎರಡು ಶಾಲು.

"ನಿಜ ಹೇಳಲಿಲ್ವಾ ನೀವು?"

"ಆಣೆಗೂ ಹೇಳ್ದೆ ಕಣೇ! ಮೊದಲ್ನೇ ಮಾತೇ ಅದು. ದನಿ ಹಿಡಿದಿದ್ದು ನಾನಲ್ಲ, ನಮ್ಮನೆಯೋರು, ನನಗೆ ಕಿವಿನೂ ಕೇಳಲ್ಲ ಅಂದೆ. ಹೆಡ್ಮಾಸ್ಟ್ರು ಎದ್ದು ನಿಂತು, 'ನೋಡ್ರಪ್ಪಾ ಮಕ್ಕಳೇ, ವಿನಯ ಅಂದ್ರೆ ಇದು! ಇಷ್ಟು ದೊಡ್ಡ ಸಾಧನೆ ಮಾಡಿ ಎಲ್ಲಾನೂ ಹೆಂಡತಿಗೆ ಬಿಟ್ಟುಕೊಡ್ತಾರೆ' ಅಂದ್ರು. ಮಕ್ಕಳು ಐದು ನಿಮಿಷ ಚಪ್ಪಾಳೆ ನಿಲ್ಲಿಸಲಿಲ್ಲ. ಒಂದು ಶಾಲು ಉಪಗ್ರಹಕ್ಕೆ ಅಂತ ಮೊದಲೇ ಹೊದಿಸಿದ್ರು. ಇನ್ನೊಂದು ವಿನಯಕ್ಕೆ."

ನಗುವೂ ಬಂತು, ಅಳುವೂ ಬಂತು. ಅವರು ಮೊದಲನೇ ಶಾಲು ತೆಗೆದು ನನ್ನ ಹೆಗಲಿಗೆ ಹೊದಿಸಿದರು. ಹಿಡಿದ ಹೆಗಲು, ಅರ್ಧಕ್ಕೆ ನಿಂತ ಕೈ, ಸರಿಯಾಗಿ ಹೊದಿಸೋಕೂ ಬರಲಿಲ್ಲ. "ಇದು ನಿಂದು, ತಗಾ," ಅಂದರು.

ಮಾರನೇ ದಿನ ಬೆಳಿಗ್ಗೆ ಸ್ವಲ್ಪ ಚಳಿಯಿತ್ತು. ಆ ಶಾಲನ್ನೇ ಹೊದ್ದುಕೊಂಡು, ಆಂಟೆನಾ ಎತ್ತಿಕೊಂಡು, ತಲೆಯೆತ್ತಿ ಮಹಡಿ ಮೇಲೆ ನಿಂತೆ. ಪಕ್ಕದ ಮಹಡಿಯಲ್ಲಿ ಬಟ್ಟೆ ಹಿಂಡುತ್ತಿದ್ದ ದುರುಗಕ್ಕ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಬೀದಿ ಕಡೆ ಬಾಗಿ, ನೀರು ಹಿಡಿಯೋಕೆ ನಿಂತಿದ್ದ ಹೆಂಗಸರಿಗೆಲ್ಲ ಕೇಳೋ ಹಾಗೆ ಕೂಗಿದಳು.

"ನೋಡ್ರವ್ವಾ ಇಲ್ಲಿ! ಒಗ್ಗರಣೆ ಗುಟ್ಟಂತೂ ಬಿಡಲಿಲ್ಲ, ಪಾಪ, ಆ ಗಂಡನಿಗೆ ಹೊದಿಸಿದ ಶಾಲನ್ನೂ ಬಿಡಲಿಲ್ಲ!"